ಸಣ್ಣ ಕಂಪನ ಒಳ್ಳೇದು ಅನ್ನೋ ಸುಳ್ಳನ್ನು ನಾನೂ ಬರೆದೆ

“ಸಣ್ಣ ಪ್ರಮಾಣದ ಕಂಪನಗಳು ಆಗುತ್ತಿರುವುದು ಒಳ್ಳೆಯದೇ. ಭೂಮಿಯೊಳಗಿನ ಒತ್ತಡ ಸ್ವಲ್ಪ ಸ್ವಲ್ಪವಾಗಿ ಹೊರಗೆ ಹೋಗುತ್ತಿದೆ. ಆದ್ದರಿಂದ ದೊಡ್ಡ ಭೂಕಂಪ ಆಗುವುದಿಲ್ಲ. ಸಾರ್ವಜನಿಕರು ಆತಂಕಪಡುವ ಅಗತ್ಯವಿಲ್ಲ.”

ಈ ನಾಲ್ಕು ಸಾಲು ನಿಮಗೂ ಬಾಯಿಪಾಠ ಆಗಿರಬೇಕು. ಕಲಬುರಗಿ, ಬೀದರ್, ವಿಜಯಪುರದ ಕಡೆ ನೆಲ ಗುಡುಗಿದಾಗಲೆಲ್ಲ ಪೇಪರಿನ ಮೂಲೆಯಲ್ಲಿ, ಮೊಬೈಲ್ ನ್ಯೂಸಿನಲ್ಲಿ, ಜೀಪಿನಿಂದ ಇಳಿದ ಸಾಹೇಬರ ಬಾಯಲ್ಲಿ ಇವೇ ಸಾಲು. ನಾನೂ ಬರೆದಿದ್ದೇನೆ. ಒಂದು ಸಲ ಅಲ್ಲ, ಐದಾರು ಸಲ. ಹಿಂದಿನ ಸುದ್ದಿಯನ್ನೇ ಕಾಪಿ ಮಾಡಿ, ಊರಿನ ಹೆಸರು ಬದಲಿಸಿ ಡೆಸ್ಕಿಗೆ ಕಳಿಸಿದ್ದೂ ಉಂಟು.

ಇದರಲ್ಲಿ ಎರಡನೇ ಸಾಲು ಅರ್ಧ ನಿಜ. ಮೂರನೆಯದು ಪೂರ್ತಿ ಸುಳ್ಳು. ಆ ಸುಳ್ಳಿನ ಮೇಲೆ ಮೊದಲನೆಯದೂ ನಾಲ್ಕನೆಯದೂ ನಿಂತಿವೆ.

ಯಾಕೆ ಈಗ ಬರೆಯುತ್ತಿದ್ದೇನೆ ಎಂದರೆ, ಒಬ್ಬ ಮುತ್ಯಾನಿಗೆ ನಾನು ಉತ್ತರ ಕೊಡುವುದು ಬಾಕಿ ಇದೆ. ಊರಿನ ಹೆಸರು ಬೇಡ. ಮಳೆಗಾಲ ಮುಗಿದ ಮೇಲೆ ಆ ಊರಲ್ಲಿ ವಾರಕ್ಕೆ ಎರಡು ಮೂರು ಸಲ ನೆಲದೊಳಗಿಂದ ಸದ್ದು, ಪಾತ್ರೆ ಅಲುಗಾಡುವುದು ಶುರುವಾಗಿತ್ತು. ಜನ ಅಂಗಳದಲ್ಲಿ, ಕಣದಲ್ಲಿ ಮಲಗುತ್ತಿದ್ದರು. ನಾನು ಹೋದೆ, ಫೋಟೊ ತೆಗೆದೆ, ಬಂದಿದ್ದ ಅಧಿಕಾರಿಯ ಮಾತು ಬರೆದುಕೊಂಡೆ, ನಾಲ್ಕು ಸಾಲು ಹಾಕಿ ಕಳಿಸಿದೆ. ಮಾರನೇ ದಿನ ಸುದ್ದಿ ಬಂತು. ಮುತ್ಯಾನ ಮಗ ಅದನ್ನು ಫೋನಿನಲ್ಲಿ ಓದಿ, ಚಳಿ ಬೇರೆ ಇದೆ ಎಂದು ಮನೆಯವರನ್ನೆಲ್ಲ ಒಳಗೆ ಮಲಗಿಸಿದ. ಮೂರನೇ ರಾತ್ರಿ ಇನ್ನೊಂದು ಕಂಪನ. ಅದೂ ಸಣ್ಣದೇ. ಪಡಸಾಲೆಯ ಗೋಡೆಯ ಒಂದು ಮಗ್ಗುಲು ಜಾರಿ ಹೊರಸಿನ ಮೇಲೆ ಬಿತ್ತು. ಆ ಹೊರಸಿನಲ್ಲಿ ಮಲಗುವ ಹುಡುಗಿ ಅವತ್ತು ಜ್ವರ ಅಂತ ಅವ್ವನ ಹತ್ತಿರ ಮಲಗಿದ್ದಳು. ಅಷ್ಟೇ ಪುಣ್ಯ.

ನಾನು ಮತ್ತೆ ಹೋದಾಗ ಮುತ್ಯಾ ಬೈಯಲಿಲ್ಲ. “ತಮ್ಮಾ, ಸಣ್ಣದು ಬಂದ್ರ ದೊಡ್ಡದು ಬರಂಗಿಲ್ಲ ಅಂತ ನೀನೇ ಬರದೀಯಂತಲ್ಲ. ಇದು ಯಾರು ಹೇಳಿದ್ರು ನಿನಗ?” ಅಂದ. ಸಾಹೇಬರು ಹೇಳಿದರು ಅಂದೆ. “ಸಾಹೇಬ್ರಿಗೆ ಯಾರು ಹೇಳಿದ್ರು?”

ಅದನ್ನೇ ಹುಡುಕಿಕೊಂಡು ಹೋದೆ. ಯಾರೂ ಹೇಳಿಲ್ಲ. ಭೂಕಂಪ ಓದಿದ ಯಾರೂ ಹಾಗೆ ಹೇಳುವುದಿಲ್ಲ.

ಮೊದಲು ನೆಲದೊಳಗೆ ಏನಾಗುತ್ತದೆ ನೋಡಿ. ತೊಗರಿ ತುಂಬಿದ ಕ್ವಿಂಟಲ್ ಚೀಲವನ್ನು ಗೋದಾಮಿನ ನೆಲದ ಮೇಲೆ ಒಬ್ಬರೇ ತಳ್ಳಿ. ತಳ್ಳುತ್ತೀರಿ, ಅಲುಗಾಡುವುದಿಲ್ಲ. ಇನ್ನೂ ಜೋರು ಹಾಕುತ್ತೀರಿ, ಇಲ್ಲ. ಒಂದು ಹಂತದಲ್ಲಿ ಸರಕ್ಕನೆ ಅರ್ಧ ಅಡಿ ಜಾರಿ ಮತ್ತೆ ನಿಲ್ಲುತ್ತದೆ. ನಿಧಾನಕ್ಕೆ ಸರಿಯುವುದಿಲ್ಲ, ಜಗ್ಗಿದಂತೆ ಜಾರುತ್ತದೆ. ಭೂಮಿಯ ಬಂಡೆಯಲ್ಲಿ ಹಳೆಯ ಒಡಕುಗಳಿವೆ. ಪುಸ್ತಕದಲ್ಲಿ ಸ್ತರಭಂಗ ಎನ್ನುತ್ತಾರೆ. ಒಡಕಿನ ಎರಡೂ ಬದಿಯ ಬಂಡೆ ಒಂದಕ್ಕೊಂದು ಕಚ್ಚಿಕೊಂಡು ನಿಂತಿರುತ್ತದೆ. ತಳ್ಳುತ್ತಿರುವವರು ಯಾರು? ಇಡೀ ಭಾರತದ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್‌ನಂತೆ ಉತ್ತರಕ್ಕೆ ಸರಿದು ಏಷ್ಯಾವನ್ನು ಗುದ್ದುತ್ತಿದೆ. ಆ ಗುದ್ದಿನಿಂದ ಹಿಮಾಲಯ ಎದ್ದಿತು. ಅದೇ ಒತ್ತಡ ನಮ್ಮ ದಖ್ಖನ್ನಿನ ಕಪ್ಪುಕಲ್ಲಿನ ಕೆಳಗೂ ಇದೆ. ಬಂಡೆ ಬಿಲ್ಲಿನಂತೆ ಬಾಗಿ ಬಾಗಿ, ಕಚ್ಚಿದ್ದು ಬಿಟ್ಟ ಕ್ಷಣ ಚಿಮ್ಮುತ್ತದೆ. ಅದೇ ಭೂಕಂಪ. 1906ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಉರುಳಿದ ಮೇಲೆ ಹ್ಯಾರಿ ರೀಡ್ ಎಂಬ ವಿಜ್ಞಾನಿ ಅಲ್ಲಿ ಬೇಲಿ, ರಸ್ತೆಗಳು ಎಷ್ಟು ಸರಿದಿವೆ ಎಂದು ಅಳೆದ ಲೆಕ್ಕ ನೋಡಿ ಇದನ್ನು ವಿವರಿಸಿದ.

ಈಗ “ಒತ್ತಡ ಹೊರಗೆ ಹೋಗುತ್ತದೆ” ಅನ್ನುವುದಕ್ಕೆ ಬನ್ನಿ. ಸಣ್ಣ ಕಂಪನದಲ್ಲಿ ಜಾರುವುದು ಒಡಕಿನ ಒಂದು ಚೂರು ಮಾತ್ರ. ಆ ಚೂರಿನ ಒತ್ತಡ ಇಳಿಯುತ್ತದೆ, ಸರಿ. ಆದರೆ ಅದು ಹೊತ್ತಿದ್ದ ಭಾರದಲ್ಲಿ ಒಂದು ಪಾಲು ಪಕ್ಕದ ಚೂರಿಗೆ ದಾಟುತ್ತದೆ. ನಾಲ್ಕು ಜನ ಹೊತ್ತ ತೊಲೆಯಿಂದ ಒಬ್ಬ ಕೈಬಿಟ್ಟರೆ ತೊಲೆ ಹಗುರ ಆಯಿತು ಅಂತಲ್ಲ. ಉಳಿದ ಮೂವರ ಹೆಗಲು ಕೇಳಿ.

ಎರಡನೆಯದು ಲೆಕ್ಕ. ನಮ್ಮ ಪೇಪರುಗಳು ಅತಿ ಹೆಚ್ಚು ಮೋಸ ಮಾಡುವುದು ಇಲ್ಲಿ. 3, 4, 6 ಎಂದು ಬರೆದುಬಿಡುತ್ತೇವೆ. ಓದುವವರಿಗೆ 6 ಎಂದರೆ 3ರ ಎರಡರಷ್ಟು ಅನಿಸುತ್ತದೆ. ಅಲ್ಲ. ಒಂದೊಂದು ಅಂಕಿ ಮೇಲೇರಿದಾಗಲೂ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು. ಎರಡು ಅಂಕಿಗೆ ಸಾವಿರ ಪಟ್ಟು. ಮೂರು ಅಂಕಿಗೆ 31 ಸಾವಿರ ಪಟ್ಟಿಗೂ ಹೆಚ್ಚು. ಅಂದರೆ 6ರ ಒಂದು ಭೂಕಂಪದ ಶಕ್ತಿಯನ್ನು 3ರ ಕಂಪನಗಳ ಮೂಲಕ “ಸ್ವಲ್ಪ ಸ್ವಲ್ಪವಾಗಿ” ಹೊರಹಾಕಬೇಕಾದರೆ ದಿನಕ್ಕೊಂದರಂತೆ 86 ವರ್ಷ ಬೇಕು. ಒಂದು ದಿನವೂ ತಪ್ಪದೆ.

ಇನ್ನೊಂದು ಲೆಕ್ಕ ಇದೆ. ಬೆನೊ ಗುಟೆನ್‌ಬರ್ಗ್, ಚಾರ್ಲ್ಸ್ ರಿಕ್ಟರ್ ಎಂಬಿಬ್ಬರು ಕಂಡುಕೊಂಡದ್ದು, ಜಗತ್ತಿನ ಎಲ್ಲ ಕಡೆ ಹೆಚ್ಚುಕಡಿಮೆ ನಡೆಯುವಂಥದ್ದು. 4ರ ಕಂಪನ ಒಂದಾದರೆ 3ರವು ಹತ್ತು, 2ರವು ನೂರು ಆಗುತ್ತವೆ. ಈಗ ಶಕ್ತಿ ಕೂಡಿಸಿ. ಆ ಹತ್ತು ಮತ್ತು ನೂರು, ಒಟ್ಟು ನೂರಾ ಹತ್ತು ಸಣ್ಣವೂ ಸೇರಿ, ಆ ಒಂದೇ ಒಂದು 4ರ ಅರ್ಧಕ್ಕೂ ಬರುವುದಿಲ್ಲ. ಬುಟ್ಟಿ ತುಂಬ ಚಿಲ್ಲರೆ ಎಣಿಸಿ ಸಾಲ ತೀರಿತು ಅಂದಂತಾಯಿತು.

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ನಿಮಗೆ ನೆನಪಿರಬಹುದು. 2021ರ ಅಕ್ಟೋಬರಿನಲ್ಲಿ ಅಲ್ಲೂ ಸುತ್ತಲಿನ ಊರುಗಳಲ್ಲೂ ದಿನಾ ಸದ್ದು, ದಿನಾ ಕಂಪನ. ಎಷ್ಟೋ ಮನೆಯವರು ಗಂಟುಮೂಟೆ ಕಟ್ಟಿಕೊಂಡು ನೆಂಟರ ಊರಿಗೆ ಹೋದರು. ಅವುಗಳಲ್ಲಿ ದೊಡ್ಡದು ಅಕ್ಟೋಬರ್ 11ರ ರಾತ್ರಿಯದು, 4.1. ಈ 4.1ನ್ನು 1993ರ ಕಿಲ್ಲಾರಿಯ 6.2ರ ಪಕ್ಕ ಇಡಿ. ಕಿಲ್ಲಾರಿಯ ಶಕ್ತಿ ಅದರ ಸುಮಾರು 1,400 ಪಟ್ಟು.

ಕಿಲ್ಲಾರಿ ಎಂದೆ. ನಮ್ಮ ಅಪ್ಪ ಅವ್ವನ ವಯಸ್ಸಿನವರನ್ನು ಕೇಳಿ, ಆ ರಾತ್ರಿ ಎಲ್ಲಿದ್ದೆವು ಎಂದು ಹೇಳುತ್ತಾರೆ. 1993ರ ಸೆಪ್ಟೆಂಬರ್ 30, ನಸುಕಿನ 4 ಗಂಟೆಗೆ ಇನ್ನೇನು ನಾಲ್ಕೈದು ನಿಮಿಷ. ಹಿಂದಿನ ರಾತ್ರಿ ಅನಂತ ಚತುರ್ದಶಿ, ಗಣಪತಿ ಕಳಿಸಿ ದಣಿದು ಮಲಗಿದ್ದ ಊರುಗಳು. ಲಾತೂರ್ ಮತ್ತು ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸುಮಾರು 10 ಸಾವಿರ ಜನ ಸತ್ತರು. ಬಸವಕಲ್ಯಾಣದಿಂದ ನೆಟ್ಟಗೆ ಅಳೆದರೆ ಆ ಜಾಗ ಐವತ್ತು ಕಿಲೋಮೀಟರ್ ಕೂಡ ಇಲ್ಲ. ರಾಜ್ಯದ ಗಡಿ ನೆಲದ ಮೇಲಿದೆ, ನೆಲದೊಳಗಿಲ್ಲ.

ಇಲ್ಲಿ ಎರಡು ಮಾತು ಗಟ್ಟಿಯಾಗಿ ಹೇಳಬೇಕು. ಮೊದಲನೆಯದು, ಸರ್ಕಾರಿ ನಕ್ಷೆಯಲ್ಲಿ ಕಿಲ್ಲಾರಿ ಅವತ್ತು ಒಂದನೇ ವಲಯದಲ್ಲಿತ್ತು. ಅಂದರೆ ದೇಶದಲ್ಲೇ ಭೂಕಂಪದ ಭಯ ಅತಿ ಕಡಿಮೆ ಇರುವ ಜಾಗ. ಎರಡನೆಯದು, ಅದಕ್ಕೆ ಒಂದು ವರ್ಷ ಮೊದಲು, 1992ರ ಮಳೆಗಾಲ ಮುಗಿಯುವ ಹೊತ್ತಿಗೆ, ಅದೇ ಕಿಲ್ಲಾರಿಯಲ್ಲಿ ಸಣ್ಣ ಕಂಪನಗಳ ಸಾಲು ಸಾಲೇ ಬಂದಿತ್ತು. ಅಕ್ಟೋಬರ್ 18ರದು 4ರ ಆಸುಪಾಸಿನದು. ಆಮೇಲೆ ನಿಂತಿತು. “ಒತ್ತಡ ಹೊರಗೆ ಹೋಗುತ್ತದೆ” ಎಂಬುದು ನಿಜವಾಗಿದ್ದರೆ 1993ರ ಸೆಪ್ಟೆಂಬರ್ ಆಗಲೇಬಾರದಿತ್ತು.

ಕೊಯ್ನಾದಲ್ಲೂ ಹೀಗೇ. ಅಣೆಕಟ್ಟಿನಲ್ಲಿ ನೀರು ನಿಲ್ಲಿಸಿದ ಮೇಲೆ ಸಣ್ಣ ಕಂಪನಗಳು ಶುರುವಾದವು. ವರ್ಷಗಟ್ಟಲೆ ಬಂದವು. 1967ರ ಡಿಸೆಂಬರ್ 11ರ ನಸುಕಿಗೆ 6.3 ಬಂತು. ಸುಮಾರು 180 ಜನ ಹೋದರು.

ಹಾಗಾದರೆ ಸಣ್ಣ ಕಂಪನ ಬಂದ ಕಡೆಯೆಲ್ಲ ದೊಡ್ಡದು ಬರುತ್ತದೆಯೇ? ಇಲ್ಲ. ಇದನ್ನೂ ಅಷ್ಟೇ ಜೋರಾಗಿ ಹೇಳುತ್ತೇನೆ, ಏಕೆಂದರೆ ನಾಳೆ ನನ್ನ ಬರಹದ ಅರ್ಧ ಕತ್ತರಿಸಿ ವಾಟ್ಸ್‌ಆ್ಯಪ್‌ಗೆ ಬಿಡುವವರಿದ್ದಾರೆ. ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ 2018ರ ನವೆಂಬರಿನಿಂದ ಸಾವಿರಾರು ಸಣ್ಣ ಕಂಪನ ಆದವು. ಕಿಲ್ಲಾರಿಯಂಥದ್ದು ಬರಲಿಲ್ಲ. ಗಡಿಕೇಶ್ವಾರದಲ್ಲೂ ಬರಲಿಲ್ಲ. ವಿಜಯಪುರದ ಬಸವನ ಬಾಗೇವಾಡಿ ಕಡೆ, ಕೊಡಗು ಸುಳ್ಯದ ಗಡಿಯಲ್ಲಿ 2022ರಲ್ಲಿ ನಡುಗಿದಾಗಲೂ ಬರಲಿಲ್ಲ. ಹೀಗೆ ಜೇನುನೊಣದ ಹಿಂಡಿನಂತೆ ಬರುವ ಕಂಪನಗಳಿಗೆ ವಿಜ್ಞಾನಿಗಳು ಸ್ವಾರ್ಮ್ ಎನ್ನುತ್ತಾರೆ. ಹೆಚ್ಚಿನ ಹಿಂಡುಗಳು ಗುಂಯ್‌ಗುಟ್ಟಿ ಸುಮ್ಮನಾಗುತ್ತವೆ. ಕ್ಯಾಲಿಫೋರ್ನಿಯಾದ ದಾಖಲೆ ನೋಡಿದರೆ, ಒಂದು ಕಂಪನ ಆದ ವಾರದೊಳಗೆ ಅದಕ್ಕಿಂತ ದೊಡ್ಡದು ಬರುವುದು ನೂರರಲ್ಲಿ ಐದು ಸಲ. ನಮ್ಮ ನೆಲಕ್ಕೂ ಅದೇ ಐದು ಎಂದೇನಿಲ್ಲ. ಆದರೆ ಸೊನ್ನೆ ಅಂತೂ ಅಲ್ಲ. ಕಷ್ಟ ಏನೆಂದರೆ, ಮುನ್ಸೂಚನೆಯ ಕಂಪನಕ್ಕೂ ಸುಮ್ಮನೆ ಬಂದುಹೋಗುವ ಕಂಪನಕ್ಕೂ ಯಂತ್ರದ ಗೆರೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ದೊಡ್ಡದು ಬಂದ ಮೇಲಷ್ಟೇ ಹಿಂದಿನದ್ದಕ್ಕೆ “ಪೂರ್ವಕಂಪನ” ಎಂದು ಹೆಸರಿಡುತ್ತಾರೆ.

ಐದು ಸಲ ಮಳೆ ಬರುತ್ತದೆ ಎಂದರೆ ನಾವು ತೊಗರಿ ರಾಶಿಗೆ ತಾಡಪಾಲು ಹೊದಿಸುತ್ತೇವೆ. ಮನುಷ್ಯರ ವಿಷಯಕ್ಕೆ ಬಂದರೆ “ಆತಂಕ ಬೇಡ”.

ಈ ನಾಲ್ಕು ಸಾಲು ಎಷ್ಟು ದುಬಾರಿ ಆಗಬಹುದು ಎನ್ನುವುದಕ್ಕೆ ಇಟಲಿಯಲ್ಲಿ ಒಂದು ಊರಿದೆ, ಲಾಕ್ವಿಲ. ಗುಡ್ಡಗಾಡಿನ ಹಳೆಯ ಊರು, ಕಲ್ಲಿನ ಹಳೆಯ ಮನೆಗಳು. 2009ರ ಆರಂಭದಿಂದ ಅಲ್ಲಿ ಸಣ್ಣ ಕಂಪನಗಳ ಹಿಂಡು. ಆ ಊರಿನವರಿಗೆ ಒಂದು ರೂಢಿ ಇತ್ತು: ನೆಲ ಅಲುಗಾಡಿದರೆ ಮಕ್ಕಳನ್ನು ಹೊದಿಕೆಯಲ್ಲಿ ಸುತ್ತಿಕೊಂಡು ಬಯಲಿಗೆ ಹೋಗುವುದು, ರಾತ್ರಿ ಅಲ್ಲೇ ಕಳೆಯುವುದು. ಅಜ್ಜ ಮುತ್ತಜ್ಜರಿಂದ ಬಂದದ್ದು. ಅಷ್ಟರಲ್ಲಿ ಒಬ್ಬರು ರೇಡಾನ್ ಅನಿಲ ಅಳೆದು ದೊಡ್ಡ ಭೂಕಂಪ ಬರುತ್ತದೆ ಎಂದು ಹೇಳಿ ಗದ್ದಲ ಎಬ್ಬಿಸಿದರು. ಜನರನ್ನು ಸಮಾಧಾನ ಮಾಡಬೇಕಿತ್ತು. ಮಾರ್ಚ್ 31ರಂದು ಸರ್ಕಾರ ತಜ್ಞರ ಸಭೆ ಕರೆಯಿತು. ಅದೇ ದಿನ ನಾಗರಿಕ ರಕ್ಷಣಾ ಇಲಾಖೆಯ ಉಪಮುಖ್ಯಸ್ಥರು ಟಿವಿ ಕ್ಯಾಮೆರಾ ಮುಂದೆ ಹೇಳಿದ್ದರ ಸಾರಾಂಶ ಇದು: ಶಕ್ತಿ ಬಿಡದೆ ಹೊರಹೋಗುತ್ತಿದೆ, ಹಾಗಾಗಿ ಪರಿಸ್ಥಿತಿ ಅನುಕೂಲವಾಗಿಯೇ ಇದೆ, ಅಪಾಯವಿಲ್ಲ.

ನಮ್ಮ ನಾಲ್ಕು ಸಾಲೇ. ಬರೀ ಭಾಷೆ ಬೇರೆ.

ಏಪ್ರಿಲ್ 5ರ ರಾತ್ರಿ 11ರ ಸುಮಾರಿಗೆ ಒಂದು ಕಂಪನ ಆಯಿತು. ಹಳೇ ರೂಢಿಯಂತೆ ಕೆಲವರು ಹೊರಗೆ ಹೋದರು. ಕೆಲವರು, ಟಿವಿಯಲ್ಲಿ ಹೇಳಿದ್ದಾರಲ್ಲ ಎಂದು, ಒಳಗೇ ಉಳಿದರು. ನಸುಕಿನ 3 ಗಂಟೆ 32 ನಿಮಿಷಕ್ಕೆ 6.3. ಸತ್ತವರು 309. ಒಳಗೆ ಉಳಿದು ಹೆಂಡತಿ ಮಕ್ಕಳನ್ನು ಕಳೆದುಕೊಂಡವರು ಕೋರ್ಟಿಗೆ ಹೋದರು. 2012ರಲ್ಲಿ ಆರು ತಜ್ಞರಿಗೂ ಆ ಅಧಿಕಾರಿಗೂ ತಲಾ ಆರು ವರ್ಷ ಜೈಲು ಎಂದು ತೀರ್ಪು. ಭೂಕಂಪ ಮುಂಚೆ ಹೇಳಲಿಲ್ಲ ಎಂದು ಶಿಕ್ಷೆಯೇ ಎಂದು ಜಗತ್ತಿನ ವಿಜ್ಞಾನಿಗಳು ಕೂಗಾಡಿದರು. 2014ರಲ್ಲಿ ಮೇಲಿನ ಕೋರ್ಟು ಆರೂ ತಜ್ಞರನ್ನು ಬಿಟ್ಟಿತು, ಮರುವರ್ಷ ಅಲ್ಲಿನ ಸುಪ್ರೀಂ ಕೋರ್ಟೂ ಒಪ್ಪಿತು. ಆದರೆ ಟಿವಿಯಲ್ಲಿ ಮಾತಾಡಿದ ಅಧಿಕಾರಿಯನ್ನು ಪೂರ್ತಿ ಬಿಡಲಿಲ್ಲ, ಎರಡು ವರ್ಷದ ಶಿಕ್ಷೆ ಉಳಿಯಿತು. ಭೂಕಂಪ ಹೇಳಲಿಲ್ಲ ಎಂದಲ್ಲ. ಇಲ್ಲದ ಧೈರ್ಯ ಹೇಳಿ ಜನರನ್ನು ಒಳಗೆ ಮಲಗಿಸಿದ್ದಕ್ಕೆ.

ಇದನ್ನು ಓದಿದ ರಾತ್ರಿ ನನಗೆ ಮುತ್ಯಾನ ಪಡಸಾಲೆ ಕಣ್ಣ ಮುಂದೆ ಬಂತು. ಟಿವಿಯಲ್ಲಿ ಹೇಳಿದವರಿಗೆ ಶಿಕ್ಷೆ. ಬರೆದುಕೊಂಡು ಕಾಪಿ ಮಾಡಿದವರಿಗೆ?

ಮರುಕಂಪನದ ವಿಷಯದಲ್ಲೂ ನಾವು ಇದೇ ಅರ್ಧಂಬರ್ಧ ಬರೆಯುತ್ತೇವೆ. ದೊಡ್ಡದು ಆದ ಮೇಲೆ “ಇನ್ನು ಬರುವುದೆಲ್ಲ ಸಣ್ಣವು” ಎನ್ನುತ್ತೇವೆ. ಮರುಕಂಪನಕ್ಕೆ ಒಂದು ನಡೆ ಇರುವುದು ನಿಜ. 1891ರಲ್ಲಿ ಜಪಾನಿನ ನೋಬಿಯಲ್ಲಿ ದೊಡ್ಡ ಭೂಕಂಪ ಆದಾಗ ಫುಸಾಕಿಚಿ ಓಮೊರಿ ಎಂಬ ಯುವಕ ದಿನದಿನದ ಕಂಪನ ಎಣಿಸಿದ. 1894ರಲ್ಲಿ ಲೆಕ್ಕ ಮುಂದಿಟ್ಟ. ಮೊದಲ ದಿನ ನೂರು ಬಂದರೆ ಎರಡನೇ ದಿನ ಹೆಚ್ಚುಕಡಿಮೆ ಐವತ್ತು, ಹತ್ತನೇ ದಿನ ಹತ್ತು, ನೂರನೇ ದಿನ ಒಂದು. ಬೇಗ ಇಳಿಯುತ್ತದೆ, ಆದರೆ ಬಾಲ ಬಹಳ ಉದ್ದ. ನೋಬಿಯ ಬಾಲ ನೂರು ವರ್ಷ ಎಳೆಯಿತು. ಸಾಮಾನ್ಯವಾಗಿ ಅತಿ ದೊಡ್ಡ ಮರುಕಂಪನ ಮೂಲ ಕಂಪನಕ್ಕಿಂತ ಒಂದು ಅಂಕಿಗೂ ಸ್ವಲ್ಪ ಹೆಚ್ಚು ಕೆಳಗಿರುತ್ತದೆ.

“ಸಾಮಾನ್ಯವಾಗಿ” ಎಂಬ ಪದವನ್ನು ಡೆಸ್ಕಿನಲ್ಲಿ ಹೊಡೆದು ಹಾಕುತ್ತಾರೆ. ಸುದ್ದಿ ಚಿಕ್ಕದಾಗಬೇಕಲ್ಲ. ಆದರೆ ಜೀವ ಇರುವುದು ಆ ಪದದಲ್ಲೇ. 2016ರ ಏಪ್ರಿಲ್ 14ರಂದು ಜಪಾನಿನ ಕುಮಾಮೊಟೊದಲ್ಲಿ 6ಕ್ಕೂ ಮೇಲಿನ ಭೂಕಂಪ ಆಯಿತು. ಮುಗಿಯಿತು, ಇನ್ನು ಮರುಕಂಪನ ಮಾತ್ರ ಎಂದು ಎಷ್ಟೋ ಜನ ಮನೆಗೆ ಮರಳಿದರು. 16ರ ನಸುಕಿಗೆ 7.0 ಬಂತು. ಮರಳಿದವರಲ್ಲಿ ಕೆಲವರು ಮನೆಯಡಿ ಸಿಕ್ಕಿ ಸತ್ತರು. ಆಮೇಲೆ ಜಪಾನಿನ ಹವಾಮಾನ ಸಂಸ್ಥೆ ಏನು ಮಾಡಿತು ಗೊತ್ತೇ? ದೊಡ್ಡ ಕಂಪನದ ಬೆನ್ನಿಗೆ ಕೊಡುವ ಎಚ್ಚರಿಕೆಯಲ್ಲಿ “ಮರುಕಂಪನ” ಎಂಬ ಪದವನ್ನೇ ಕೈಬಿಟ್ಟಿತು. ಆ ಪದ ಕೇಳಿದರೆ ಜನ ಮುಂದಿನದು ಸಣ್ಣದೇ ಎಂದುಕೊಳ್ಳುತ್ತಾರೆ ಎಂದು. ಒಂದು ಪದಕ್ಕೆ ಅವರು ಇಷ್ಟು ಯೋಚಿಸಿದರು. ನಾವು ನಾಲ್ಕು ಸಾಲನ್ನು ವರ್ಷಗಟ್ಟಲೆ ಕಾಪಿ ಮಾಡುತ್ತೇವೆ. 2023ರ ಫೆಬ್ರುವರಿ 6ರಂದು ಟರ್ಕಿಯಲ್ಲಿ 7.8 ಆದ ಒಂಬತ್ತೇ ಗಂಟೆಗೆ ಪಕ್ಕದ ಇನ್ನೊಂದು ಒಡಕಿನಲ್ಲಿ 7.5 ಆಯಿತು. ಒಂದು ಚೂರು ಬಿಟ್ಟ ಭಾರ ಪಕ್ಕದ್ದಕ್ಕೆ ದಾಟುತ್ತದೆ ಎಂದೆನಲ್ಲ, ಹೀಗೆ.

ಇನ್ನು ಎದುರು ಗುಂಪಿನವರು. “ಇವತ್ತು ರಾತ್ರಿ 8ರಿಂದ 10ರೊಳಗೆ 8ರ ಭೂಕಂಪ, ನಾಸಾ ಎಚ್ಚರಿಕೆ” ಎಂದು ಫಾರ್ವರ್ಡ್ ಮಾಡುವವರು, ಗ್ರಹಣ ಹಿಡಿದುಕೊಂಡು ಟಿವಿಯಲ್ಲಿ ಕೂರುವವರು. ದಿನ, ಗಂಟೆ, ಅಂಕಿ ಹಾಕಿ ಭೂಕಂಪ ಹೇಳುವ ವಿದ್ಯೆ ಜಗತ್ತಿನಲ್ಲಿ ಯಾರ ಹತ್ತಿರವೂ ಇಲ್ಲ. ಬರುತ್ತದೆ ಎಂದು ಗಂಟೆ ಹೇಳುವವರೂ ಬರುವುದೇ ಇಲ್ಲ ಎಂದು ಆಣೆ ಮಾಡುವವರೂ ಒಂದೇ ಗರಡಿಯವರು. ಇವರ ಬಗ್ಗೆ ಇಷ್ಟು ಸಾಕು.

ನೆಲದೊಳಗಿನ ಸದ್ದಿನ ಬಗ್ಗೆ ಮಾತ್ರ ಒಂದು ಮಾತು. ಜನ ಅತಿ ಹೆಚ್ಚು ಹೆದರುವುದು ಅದಕ್ಕೇ, ಅಧಿಕಾರಿಗಳು ಅತಿ ಹೆಚ್ಚು ಗೇಲಿ ಮಾಡುವುದೂ ಅದನ್ನೇ. ಸದ್ದು ಭ್ರಮೆ ಅಲ್ಲ. ಕಂಪನದ ಮೊದಲ ಅಲೆ ಬಂಡೆಯಲ್ಲಿ ಶಬ್ದದಂತೆಯೇ ಒತ್ತಿ ಹಿಗ್ಗುತ್ತ ಓಡುತ್ತದೆ. ಜಾರಿದ ಜಾಗ ಕೆಲವೇ ಕಿಲೋಮೀಟರ್ ಆಳದಲ್ಲಿದ್ದರೆ ಆ ಅಲೆ ಸೊರಗದೆ ನೆಲ ಮುಟ್ಟಿ, ಗಾಳಿಗೆ ದಾಟಿ, ನಿಮ್ಮ ಕಿವಿಗೆ ಗುಡುಗಾಗಿ ಕೇಳುತ್ತದೆ. ಮಳೆಗಾಲದ ಬೆನ್ನಿಗೆ ಇದು ಹೆಚ್ಚುವುದಕ್ಕೂ ವಿಜ್ಞಾನಿಗಳು ಕಾರಣ ಕೊಡುತ್ತಾರೆ. ಒಡಕುಗಳಲ್ಲಿ ಇಳಿದ ನೀರು ಒಳಗಿನಿಂದ ಒತ್ತುತ್ತದೆ, ಕಚ್ಚಿಕೊಂಡ ಎರಡು ಬಂಡೆಗಳ ಹಿಡಿತ ಅಷ್ಟು ಸಡಿಲಾಗುತ್ತದೆ. ಚೀಲದ ಕೆಳಗೆ ಸ್ವಲ್ಪ ಗಾಳಿ ತುಂಬಿ ಎತ್ತಿದಂತೆ. ಇಷ್ಟನ್ನು ಊರಿನ ಕಟ್ಟೆಯಲ್ಲಿ ಕೂತು ಹೇಳಿದರೆ ಯಾರಿಗೂ ಅರ್ಥವಾಗುತ್ತದೆ. ಹೇಳುವವರು ಬೇಕು.

ಕಡೆಗೆ ಮುಖ್ಯ ಮಾತಿಗೆ ಬರುತ್ತೇನೆ. “ದೊಡ್ಡದು ಬರುವುದಿಲ್ಲ” ಎಂಬ ಸಾಲು ಯಾಕೆ ಇಷ್ಟು ಜನಪ್ರಿಯ? ದೊಡ್ಡದು ಬರಬಹುದು ಎಂದು ಒಪ್ಪಿದರೆ ಮುಂದಿನ ಪ್ರಶ್ನೆ ಮನೆಗಳದ್ದು. ಆ ಪ್ರಶ್ನೆಗೆ ದುಡ್ಡು ಬೇಕು.

1989ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕಡೆ 6.9ರ ಭೂಕಂಪ ಆಯಿತು. ಶಕ್ತಿ ಲೆಕ್ಕದಲ್ಲಿ ಕಿಲ್ಲಾರಿಯ ಹತ್ತು ಪಟ್ಟಿಗೂ ಹೆಚ್ಚು. ಸತ್ತವರು 63. ಕಿಲ್ಲಾರಿಯಲ್ಲಿ 10 ಸಾವಿರ. ನೆಲ ಕೊಲ್ಲಲಿಲ್ಲ, ಗೋಡೆ ಮತ್ತು ಮಾಳಿಗೆ ಕೊಂದವು. ಅಲ್ಲಿಯ ಮನೆ ಹೇಗಿತ್ತು? ನಮ್ಮದು ಹೇಗಿದೆಯೋ ಹಾಗೆ. ಎರಡು ಅಡಿ, ಮೂರು ಅಡಿ ದಪ್ಪದ ಕಲ್ಲಿನ ಗೋಡೆ, ಮಣ್ಣಿನ ಕೆಸರು. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು, ನಡುವೆ ಚೂರು ಮಣ್ಣು. ನೋಡಲು ಕೋಟೆ. ನಿಜದಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ನಿಂತ ಎರಡು ಸಣಕಲು ಗೋಡೆ. ಅಲುಗಾಡಿದಾಗ ಒಂದು ಹೊರಗೆ, ಒಂದು ಒಳಗೆ. ಮುತ್ಯಾನ ಪಡಸಾಲೆಯಲ್ಲಿ ಜಾರಿದ್ದು ಒಳಗಿನ ಸಾಲು.

ಮೇಲೆ ಮಾಳಿಗೆ. ಜಂತಿ, ಹಲಗೆ, ಅದರ ಮೇಲೆ ಮಣ್ಣು. ಸೋರಬಾರದು ಎಂದು ಪ್ರತಿ ವರ್ಷ ಮಳೆಗೆ ಮುಂಚೆ ಇನ್ನಷ್ಟು ಮಣ್ಣು. ಹತ್ತು ಅಡಿ, ಹನ್ನೆರಡು ಅಡಿಯ ಕೋಣೆಯ ಮೇಲೆ ಒಂದೂವರೆ ಅಡಿ ಮಣ್ಣಿದ್ದರೆ ತೂಕ ಎಂಟು ಟನ್ನಿನ ಹತ್ತಿರ. ಎರಡು ಟ್ರ್ಯಾಕ್ಟರ್ ಟ್ರಾಲಿ ತುಂಬ ಮಣ್ಣಿನ ಕೆಳಗೆ ನಾವು ಬೇಸಿಗೆಯಲ್ಲಿ ತಂಪಾಗಿ ಮಲಗುತ್ತೇವೆ.

ಇದಕ್ಕೆ ಉಪಾಯ ಇಲ್ಲವೇ? ಇದೆ, ಹೊಸದೂ ಅಲ್ಲ. ಮಣ್ಣು ಕಲ್ಲಿನ ಮನೆಯನ್ನು ಹೇಗೆ ಗಟ್ಟಿ ಮಾಡಬೇಕು ಎಂದು ಭಾರತೀಯ ಮಾನಕ ಬ್ಯೂರೊದ ಪುಸ್ತಕ ಕಿಲ್ಲಾರಿ ಕಾಲದಿಂದ ಇದೆ. ಗೋಡೆಯ ಹೊರಮೈಯಿಂದ ಒಳಮೈವರೆಗೆ ಮುಟ್ಟುವ ಉದ್ದ ಕಲ್ಲನ್ನು ಅಲ್ಲಲ್ಲಿ ಹಾಕಬೇಕು, ಆಗ ಎರಡು ಸಾಲು ಒಂದಾಗುತ್ತವೆ. ಬಾಗಿಲ ಮೇಲಿನ ಲಿಂಟಲ್ ಮಟ್ಟದಲ್ಲಿ ಮನೆಯ ಸುತ್ತ, ಎಲ್ಲೂ ತುಂಡಾಗದಂತೆ, ಸರಳು ಹಾಕಿದ ಕಾಂಕ್ರೀಟ್ ಪಟ್ಟಿ ಹಾಯಬೇಕು. ಗಾಡಿ ಚಕ್ರಕ್ಕೆ ಕಬ್ಬಿಣದ ಹಳಿ ಬಿಗಿದಂತೆ. ಮೂಲೆಯಲ್ಲಿ ಗೋಡೆಗಳು ಒಂದನ್ನೊಂದು ಹಿಡಿದಿರಬೇಕು. ಹಳೇ ಮನೆಯಾದರೆ ಮಾಳಿಗೆಯ ಮಣ್ಣು ಅರ್ಧ ಇಳಿಸಿ, ಸೋರದಂತೆ ಪ್ಲಾಸ್ಟಿಕ್ ಹಾಳೆ ಹಾಸಿ ತೆಳ್ಳಗೆ ಮುಚ್ಚಬಹುದು.

ಸರ್ಕಾರಿ ವಸತಿ ಯೋಜನೆಯ ಮನೆ ಕಟ್ಟಿದವರಿಗೆ ಗೊತ್ತು. ಅಡಿಪಾಯ, ಲಿಂಟಲ್, ಛಾವಣಿ, ಹೀಗೆ ಹಂತ ಹಂತಕ್ಕೆ ಜಿಪಿಎಸ್ ಫೋಟೊ ಹಾಕಿದರೆ ಬಿಲ್ಲು. ಲಿಂಟಲ್ ಹಂತದ ಫೋಟೊದಲ್ಲಿ ಸುತ್ತಲೂ ಪಟ್ಟಿ ಕಾಣಲೇಬೇಕು, ಅದರ ಸಿಮೆಂಟು ಸರಳಿಗೆ ಇಷ್ಟು ಹೆಚ್ಚುವರಿ ದುಡ್ಡು ಎಂದು ನಮ್ಮ ಮೂರು ಜಿಲ್ಲೆಗಳಿಗೆ ಒಂದು ಆದೇಶ ಹೊರಡಿಸಲು ಏನು ಕಷ್ಟ? ಫೋಟೊ ಹೇಗೂ ತೆಗೆಯುತ್ತಾರೆ. ಊರಿನ ಗೌಂಡಿಗಳನ್ನು ಕರೆದು ಎರಡು ದಿನ ಕಲಿಸಲು ಏನು ಕಷ್ಟ? ಕಂಪನ ಆದ ಊರಿಗೆ ಸಾಹೇಬರು ಮೂರು ಗಾಡಿಯಲ್ಲಿ ಬರುವ ಡೀಸೆಲ್‌ನಲ್ಲಿ ಗೌಂಡಿಗಳ ಊಟ ಆಗುತ್ತದೆ.

ಸಾಹೇಬರ ಕಷ್ಟವೂ ಗೊತ್ತು. ಹೆದರಿಕೆ ಹಬ್ಬಿದರೆ ಕಾಲ್ತುಳಿತ ಆಗುತ್ತದೆ, ಊರು ಖಾಲಿ ಮಾಡಿದರೆ ಕಳ್ಳತನ ಆಗುತ್ತದೆ, ಮೇಲಿನವರು ಅವರನ್ನೇ ಕೇಳುತ್ತಾರೆ. ಒಪ್ಪುತ್ತೇನೆ. ಆದರೆ ಸುಳ್ಳು ಹೇಳಿ ಒಳಗೆ ಕಳಿಸುವುದಕ್ಕಿಂತ, ನಿಜ ಹೇಳಿ ಕಣದಲ್ಲಿ ತಗಡಿನ ಶೆಡ್ಡು ಹಾಕಿಸುವುದು ಅಷ್ಟೇನೂ ದೊಡ್ಡ ಕೆಲಸವಲ್ಲ. ನಮ್ಮ ಜನ ದಡ್ಡರಲ್ಲ. ಮಳೆ ಬರಬಹುದು, ಬರದೇ ಇರಬಹುದು ಎಂಬ ಲೆಕ್ಕದ ಮೇಲೆ ಬೀಜ ಬಿತ್ತುವವರು. “ಬಹುಶಃ ಬರಲಿಕ್ಕಿಲ್ಲ, ಆದರೂ ಹುಷಾರು” ಎಂಬುದು ಅವರಿಗೆ ಅರ್ಥವಾಗುವುದಿಲ್ಲ ಎನ್ನುವವರು ಒಮ್ಮೆ ಒಕ್ಕಲುತನ ಮಾಡಿ ನೋಡಲಿ.

ನನ್ನ ಜೊತೆ ಡಿಪ್ಲೊಮಾ ಮುಗಿಸಿ ತಾಲ್ಲೂಕು ತಾಲ್ಲೂಕಲ್ಲಿ ಸುದ್ದಿ ಕಳಿಸುತ್ತಿರುವ ಗೆಳೆಯರಿಗೆ ಒಂದು ಮಾತು. ಅಧಿಕಾರಿ ಹೇಳಿದರು ಎಂದು ಬರೆದರೆ ನಮ್ಮ ಕೈ ತೊಳೆದಂತಲ್ಲ. ಯಾವ ಆಧಾರದ ಮೇಲೆ ಎಂದು ಮುತ್ಯಾ ನನ್ನನ್ನು ಕೇಳಿದಂತೆ ಕೇಳಬೇಕು. ಕಂಪನದ ಅಂಕಿ, ಆಳ, ಸಮಯ ರಾಷ್ಟ್ರೀಯ ಭೂಕಂಪ ಕೇಂದ್ರದ ಪಟ್ಟಿಯಲ್ಲಿ ಸಿಗುತ್ತದೆ. ಸಾಹೇಬರ ಫೋನಿಗೆ ಕಾಯಬೇಕಿಲ್ಲ.

ಆ ಹಳೇ ನಾಲ್ಕು ಸಾಲನ್ನು ನನ್ನ ಫೋನಿನಿಂದ ಅಳಿಸಿದ್ದೇನೆ. ಮುಂದಿನ ಸಲಕ್ಕೆ ಬೇರೆ ನಾಲ್ಕು ಸಾಲು ಟೈಪ್ ಮಾಡಿ ಇಟ್ಟುಕೊಂಡಿದ್ದೇನೆ. ಬೇಕಾದವರು ಕಾಪಿ ಮಾಡಿಕೊಳ್ಳಿ:

“ಇದಕ್ಕಿಂತ ದೊಡ್ಡ ಕಂಪನ ಬರುವ ಸಾಧ್ಯತೆ ಕಡಿಮೆ. ಆದರೆ ಬರುವುದೇ ಇಲ್ಲ ಎಂದು ಯಾರೂ ಹೇಳಲಾರರು. ಕಲ್ಲು ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ ಇರುವವರು ಕಂಪನ ನಿಲ್ಲುವವರೆಗೆ ರಾತ್ರಿ ಹೊರಗೆ ಮಲಗುವುದು ಒಳ್ಳೆಯದು. ಶೆಡ್ಡು, ತಾಡಪಾಲಿಗೆ ಸಂಪರ್ಕಿಸಬೇಕಾದವರು: ............”

ಆ ಚುಕ್ಕಿಗಳ ಜಾಗಕ್ಕೆ ಒಂದು ಹೆಸರು, ಒಂದು ನಂಬರು ಕೊಡಿ ಎಂದು ಕಚೇರಿಗೆ ಎರಡು ಸಲ ಹೋಗಿ ಬಂದೆ. ಮೇಲಿನವರನ್ನು ಕೇಳಿ ಹೇಳುತ್ತೇವೆ ಅಂದಿದ್ದಾರೆ. ಸೋಮವಾರ ಮತ್ತೆ ಹೋಗುತ್ತೇನೆ. ಈ ಸಲ ಮುತ್ಯಾನೂ ಬರುತ್ತಾನಂತೆ.